ಒತ್ತುಗಾಳಿಯ ಮಳೆಗಾಲ

ಪುಣೆಯಿಂದ ಮುಂಬಯಿಗೆ ಹೋಗುವ ರೈಲು ಲೋಣಾವಳ ದಾಟಿ ಘಾಟಿಯಲ್ಲಿ ಇಳಿಯತೊಡಗಿದರೆ ನನ್ನ ಕಿವಿ ಕಟ್ಟುತ್ತದೆ. ಎಲ್ಲರಿಗೂ ಅಷ್ಟಿಷ್ಟು ಕಟ್ಟುತ್ತದೆ. ಯಾರೋ ಆಕಳಿಸುತ್ತಾರೆ, ಯಾರೋ ಪೆಪ್ಪರಮೆಂಟು ಚೀಪುತ್ತಾರೆ. ನನ್ನ ಕೈ ಮಾತ್ರ ತಾನಾಗಿಯೇ ಮೂಗಿಗೆ ಹೋಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಒಳಗಿನಿಂದ ಗಾಳಿ ಒತ್ತುತ್ತೇನೆ. ಟಪ್ಪೆಂದು ಕಿವಿ ಬಿಡುತ್ತದೆ. ಮೊನ್ನೆ ಎದುರು ಸೀಟಿನ ಹುಡುಗಿಯೊಬ್ಬಳು ಇದನ್ನು ನೋಡಿ, ಎಲ್ಲಿ ಕಲಿತಿರಿ ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಎಂದೆ. ಅವಳು ನಕ್ಕಳು. ತಮಾಷೆ ಎಂದುಕೊಂಡಿರಬೇಕು.

ಅದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಆಗ ನಾವು ಖಡಕಿ ಬಜಾರಿನ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಬಾಗಲಕೋಟೆಯಿಂದ ಬಂದು ಹದಿನೈದು ವರ್ಷ ಆಗಿತ್ತು. ಮನೆಯವರು ಕ್ಯಾಂಪಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಮನೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದೆ. ಲಗ್ನಸರಾಯಿ ಬಂತೆಂದರೆ ಜಂಪರುಗಳ ರಾಶಿ. ಮಷಿನ್ನಿನ ಮುಂದೆ ಕೂತು ಕೂತು ನಡ ಹಿಡಿಯಿತು ಎಂದುಕೊಂಡಿದ್ದೆ. ಆದರೆ ಬೆನ್ನುಮೂಳೆಯ ಒಂದು ಮಣಿ ತನ್ನ ಜಾಗದಿಂದ ಮುಂದಕ್ಕೆ ಸರಿದಿತ್ತು. ಎಡಗಾಲು ಮರಗಟ್ಟಿ ಚಪ್ಪಲಿ ಜಾರಿ ಹೋದರೂ ತಿಳಿಯದಂತಾಯಿತು. ಆಪರೇಷನ್ ಮಾಡಿ ಎರಡು ಕಂಬಿ, ನಾಲ್ಕು ಸ್ಕ್ರೂ ಹಾಕಬೇಕೆಂದರು.

ಆಸ್ಪತ್ರೆಯ ಹೆಸರು ಬೇಡ. ಅಲ್ಲಿನ ಸರ್ಜನ್ ಬಹಳ ಮೆದು ಮಾತಿನ ಮನುಷ್ಯ. ಆಪರೇಷನ್ ಆಯಿತು, ಕಾಲಿಗೆ ಜೀವ ಬಂತು, ಮನೆಗೆ ಬಂದೆ. ಶ್ರಾವಣದ ಮಳೆ ಹಿಡಿದುಕೊಂಡಿತ್ತು. ಹಾಸಿಗೆ, ಗೋಡೆ, ಬಟ್ಟೆ ಎಲ್ಲವೂ ಹಸಿಹಸಿ. ಹಾಗಾಗಿ ಒಂದು ಬೆಳಿಗ್ಗೆ ಬೆನ್ನಿನ ಕಡೆ ಜಂಪರು ಒದ್ದೆಯಾಗಿದೆ ಅನಿಸಿದಾಗ ಮೊದಲು ಮಳೆಯ ಮೇಲೆಯೇ ತಪ್ಪು ಹೊರಿಸಿದೆ. ಮನೆಯವರು ನೋಡಿ ರಿಕ್ಷಾ ತರಲು ಹೋದರು. ಹೊಲಿಗೆಯ ಕೆಳತುದಿಯಿಂದ ಕೀವು ಬರುತ್ತಿತ್ತು. ಸಂಜೆಯ ಹೊತ್ತಿಗೆ ಚಳಿಜ್ವರ.

ಸರ್ಜನ್ ಗಾಯ ನೋಡಿದರು. ಸೋಂಕು ಎಂಬ ಮಾತು ಅವರ ಬಾಯಿಂದ ಬರಲು ಎರಡು ದಿನ ಹಿಡಿಯಿತು. ಬಂದ ಮೇಲೂ ಅದರ ಹಿಂದೆಯೇ ಇನ್ನೊಂದು ಮಾತು ಬಂತು: "ನಿಮಗೆ ಶುಗರ್ ಇದೆ. ಅದಕ್ಕೇ ಹೀಗಾಯಿತು."

ನನಗೆ ಶುಗರ್ ಇದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆಪರೇಷನ್ನಿಗೆ ಮುಂಚೆ ಕೈಬೆರಳು, ತೋಳು ಚುಚ್ಚಿ ಎಷ್ಟು ರಕ್ತ ತೆಗೆದಿದ್ದರು! ಆಗ ಇಲ್ಲದ ಶುಗರ್ ಈಗ ಎಲ್ಲಿಂದ ಬಂತು? ನನ್ನ ಸಂಶಯ ಹುಟ್ಟಿದ್ದು ಅಲ್ಲಿ.

ಮತ್ತೆ ಮಲಗಿಸಿ ಗಾಯ ಬಿಡಿಸಿ ತೊಳೆದರು. ಕಂಬಿಗಳನ್ನು ಈಗಲೇ ತೆಗೆದರೆ ಬೆನ್ನು ನಿಲ್ಲುವುದಿಲ್ಲ, ಬಿಟ್ಟರೆ ಅವುಗಳ ಮೇಲೆ ಕ್ರಿಮಿ ಕೂತಿರುತ್ತದೆ ಎಂಬ ಪೇಚು. ವಾರಗಟ್ಟಲೆ ನರದಲ್ಲಿ ಔಷಧ ಏರಿಸಬೇಕು ಎಂದರು. ಅದರ ಜೊತೆಗೆ ಇನ್ನೊಂದು ಚಿಕಿತ್ಸೆ: ದಿನಾ ಒಂದು ಉಕ್ಕಿನ ಕೋಣೆಯೊಳಗೆ ಹೋಗಿ, ಗಾಳಿಯ ಒತ್ತಡ ಏರಿಸಿಕೊಂಡು, ಶುದ್ಧ ಆಕ್ಸಿಜನ್ ಉಸಿರಾಡಬೇಕು. ಆಸ್ಪತ್ರೆಗೆ ಆ ಯಂತ್ರ ಹೊಸದಾಗಿ ಬಂದಿತ್ತು. "ಅದಕ್ಕೆ ನಿಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ" ಎಂದರು ಸರ್ಜನ್.

ಮನೆಯವರು ಅಂಗಡಿಯಲ್ಲಿ ಬೆಳೆದವರು. ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: "ವಿಮಲಾ, ಪುಕ್ಕಟೆ ಕೊಡಾಕತ್ತಾರ ಅಂದ್ರ ಒಂದೋ ಮಾಲು ಖರಾಬ ಇರ್ತದ, ಇಲ್ಲಾ ಕೊಡಾವ ಏನೋ ಮುಚ್ಚಿಡಾಕತ್ತಿರ್ತಾನ."

ಯಂತ್ರ ಕೆಳಗಿನ ಅಂತಸ್ತಿನಲ್ಲಿತ್ತು. ಅಡ್ಡ ಮಲಗಿಸಿದ ದೊಡ್ಡ ಹಳದಿ ಟ್ಯಾಂಕು. ಪಕ್ಕದಲ್ಲಿ ತಟ್ಟೆಯಷ್ಟಗಲದ ದುಂಡು ಕಿಟಕಿ. ಒಳಗೆ ಎದುರುಬದುರು ಎರಡು ಮಂಚ, ಮೂಲೆಯಲ್ಲಿ ಸಿಸ್ಟರಿಗೆ ಒಂದು ಸ್ಟೂಲು. ಹೊರಗೆ ಗುಂಡಿ, ಮುಳ್ಳು, ಮೀಟರುಗಳ ಮುಂದೆ ಕುಳಿತು ಮೈಕಿನಲ್ಲಿ ಮಾತಾಡುವವರು ದೇಶಮುಖ ಮೇಡಂ. ಕೂದಲು ಕತ್ತರಿಸಿಕೊಂಡ, ನಗು ಕಡಿಮೆಯ, ನನ್ನದೇ ವಯಸ್ಸಿನ ಡಾಕ್ಟರು. ಎಲ್ಲವನ್ನೂ ಮರಾಠಿಯಲ್ಲಿ ಒಂದೇ ಧ್ವನಿಯಲ್ಲಿ ಹೇಳಿದರು. ಒತ್ತಡದಲ್ಲಿ ರಕ್ತಕ್ಕೆ ಹೆಚ್ಚು ಆಕ್ಸಿಜನ್ ಇಳಿಯುತ್ತದೆ, ಗಾಯದ ಆಳಕ್ಕೂ ಮುಟ್ಟುತ್ತದೆ, ಮೈಯೊಳಗಿನ ಕಾವಲಿನವರಿಗೆ ಕ್ರಿಮಿ ಕೊಲ್ಲಲು ಕಸುವು ಬರುತ್ತದೆ. ಕಿವಿ ಕಟ್ಟಿದರೆ ಮೂಗು ಹಿಡಿದು ಊದಬೇಕು. ತಲೆಗೆ ಎಣ್ಣೆ ಕೂಡದು, ಮುಖಕ್ಕೆ ಪೌಡರು ಕೂಡದು, ಆಸ್ಪತ್ರೆಯ ಅರಿವೆಯ ನಿಲುವಂಗಿ ಬಿಟ್ಟು ಮೈಮೇಲೆ ಏನೂ ಕೂಡದು. ತಾಳಿಯೂ ತೆಗೆಯಬೇಕು.

ನಾನು ತಾಳಿ ಬಿಚ್ಚಿ ಮನೆಯವರ ಕೈಗೆ ಕೊಟ್ಟೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಿಂತರು. ಇಷ್ಟೆಲ್ಲ ಬಿಚ್ಚಿಸಿ ಮುಚ್ಚಿಡುವ ಚಿಕಿತ್ಸೆ ಎಂಥದ್ದು ಎಂದು ಅವರ ಮುಖ ಕೇಳುತ್ತಿತ್ತು.

ಎದುರಿನ ಮಂಚಕ್ಕೆ ಒಬ್ಬನನ್ನು ಸ್ಟ್ರೆಚರಿನ ಮೇಲೆ ತಂದರು. ಬಾಗಿಲ ಬಳಿ ಸಿಸ್ಟರ್ ಅವನನ್ನು ತಡವಿ, ನಿಲುವಂಗಿಯ ಮಡಿಕೆಯಿಂದ ಎರಡು ಬೀಡಿ, ಒಂದು ಬೆಂಕಿಪೊಟ್ಟಣ ಹೊರಗೆ ತೆಗೆದಳು. ಮೇಡಂ ಕುರ್ಚಿಯಿಂದ ಎದ್ದೇ ಬಂದರು. ಮರಾಠಿಯಲ್ಲಿ ಅವರು ಬೈಯುತ್ತಿದ್ದುದು ಆ ಮನುಷ್ಯನಿಗೆ ತಿಳಿಯಲಿಲ್ಲ. ಅವನ ಹೆಂಡತಿ ಗಾಬರಿಯಿಂದ, "ಏನಂತಾಳ ಇಕಿ? ಬೀಡಿ ಸೇದಿದ್ರ ಹೊಡಿತಾಳೇನು?" ಎಂದಳು.

ಆ ಕನ್ನಡ ಕೇಳಿ ನಾನು ತಲೆ ಎತ್ತಿದೆ. "ಒಳಗ ಬೆಂಕಿ ಕಡ್ಡಿ ಒಯ್ಯಬಾರದಂತವಾ" ಎಂದೆ.

ಅವನು ನನ್ನತ್ತ ತಿರುಗಿದ. "ಅಕ್ಕಾರ, ಕೇಳಿ ನೋಡ್ರಿ. ಇದು ಸಿಡಿಯೂ ಡಬ್ಬಿ ಏನು?"

ಕೇಳಿದೆ. ಮೇಡಂ ಕಣ್ಣು ತಪ್ಪಿಸದೆ ಹೇಳಿದರು: ಬೆಂಕಿ ಬಿದ್ದರೆ ಬಾಗಿಲು ತೆಗೆಯುವಷ್ಟು ಹೊತ್ತೂ ಸಿಗುವುದಿಲ್ಲ, ಅದಕ್ಕೇ ಒಳಗೆ ಹೋಗುವವರಿಗೆ ಸಿಟ್ಟು ಬರುವಷ್ಟು ತಡವಿ ಹುಡುಕುತ್ತೇವೆ. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ಹೇಳಿದೆ. ಅವನು ಬೀಡಿಗಳ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ.

ಅವನ ಹೆಸರು ಶರಣಪ್ಪ. ಶಹಾಪುರದ ಕಡೆಯವನು, ಪುಣೆಯ ಹೊರಗೆ ಏಳುತ್ತಿದ್ದ ಒಂದು ದೊಡ್ಡ ಕಟ್ಟಡದಲ್ಲಿ ಗೌಂಡಿ. ಸಾರವೆಯಿಂದ ಬಿದ್ದು ಬೆನ್ನು ಮುರಿದಿತ್ತು. ಅವನಿಗೂ ಕಂಬಿ ಹಾಕಿದ್ದರು, ಅವನಿಗೂ ಗಾಯದಲ್ಲಿ ಕೀವಾಗಿತ್ತು. ಹೆಂಡತಿ ದೇವಮ್ಮ ಅದೇ ಕಟ್ಟಡದಲ್ಲಿ ಕಾಂಕ್ರೀಟು ಬುಟ್ಟಿ ಹೊರುವವಳು. ಅವಳು ಆಸ್ಪತ್ರೆಯ ಕಾರಿಡಾರಿನಲ್ಲೇ ಚೀಲ ಇಟ್ಟುಕೊಂಡು ಸಂಸಾರ ಹೂಡಿದ್ದಳು. ಅಂದಿನಿಂದ ಆ ಇಬ್ಬರಿಗೂ ಡಾಕ್ಟರಿಗೂ ನಡುವೆ ನಾನೇ ಬಾಯಿ.

ಬಾಗಿಲು ಮುಚ್ಚುತ್ತಿದ್ದಂತೆ ಗಾಳಿ ಭೋರ್ಗರೆಯುತ್ತಿತ್ತು. ಒಳಗೆ ಸೆಕೆ ಏರುತ್ತಿತ್ತು. ಕಿವಿಯಲ್ಲಿ ಯಾರೋ ಹೆಬ್ಬೆರಳು ಒತ್ತಿದಂತೆ. ಮೂಗು ಹಿಡಿ, ಊದು, ನುಂಗು. ಭೋರ್ಗರೆತ ನಿಂತ ಮೇಲೆ ಮುಖಕ್ಕೆ ಮಾಸ್ಕು. ರಬ್ಬರಿನ ವಾಸನೆಯ ಒಣ ಗಾಳಿ. ಮಾತು ಬಂದ್. ನಡುನಡುವೆ ಐದು ನಿಮಿಷ ಮಾಸ್ಕು ತೆಗೆಯಲು ಬಿಡುತ್ತಿದ್ದರು, ಒಂದೇ ಸಮ ಆಕ್ಸಿಜನ್ ಎಳೆದರೂ ಮೈಗೆ ಕೇಡಂತೆ. ಆ ಐದು ನಿಮಿಷಗಳಲ್ಲಿ ನಾನೂ ಶರಣಪ್ಪನೂ ಮಾತಾಡುತ್ತಿದ್ದೆವು. ಒತ್ತಿದ ಗಾಳಿಯಲ್ಲಿ ದನಿ ಮೂಗಿನಿಂದ ಬಂದಂತೆ ಕೇಳುತ್ತಿತ್ತು. ಮೂಲೆಯ ಸಿಸ್ಟರ್ ಸಾತಾರೆಯ ಹುಡುಗಿ, ಕನ್ನಡ ಬಾರದು. ಹೊರಗೆ ಮೈಕಿನ ಹತ್ತಿರ ಮೇಡಂ. ಅವರಿಗೆ ಕನ್ನಡ ತಿಳಿಯುವುದು ಹೇಗೆ? ನಾವು ಧೈರ್ಯವಾಗಿ ಮಾತಾಡಿದೆವು.

"ನಿಮಗೇನು ಹೇಳ್ಯಾರ? ಯಾಕ ಕೀವು ಆತಂತ?" ಎಂದು ಒಂದು ದಿನ ಕೇಳಿದೆ.

"ಬೀಡಿ ಸೇದ್ತಿ, ಹೊಲಸಿನ್ಯಾಗ ಇರ್ತಿ, ಅದಕ್ಕ ಆತು ಅಂದ್ರರಿ. ನಿಮಗರಿ?"

"ಶುಗರ್ ಅಂದಾರ."

"ನಿಮ್ಮನ್ನ ಯಾವತ್ತ ಕೊಯ್ದರರಿ?"

ಹೇಳಿದೆ. ಅವನನ್ನು ಕೊಯ್ದದ್ದೂ ಅಂದೇ. ಬೆಳಿಗ್ಗೆ ನನ್ನನ್ನು, ಮಧ್ಯಾಹ್ನ ಅವನನ್ನು, ಒಂದೇ ಕೋಣೆ, ಒಂದೇ ಟೇಬಲ್.

ಅಂದು ಚಿಕಿತ್ಸೆ ಮುಗಿದು ಹೊರಗೆ ಬಂದ ಮೇಲೆ ದೇವಮ್ಮನನ್ನು ವಿಚಾರಿಸಿದೆ. ಆ ದಿನ ಅವಳು ಆಪರೇಷನ್ ಕೋಣೆಯ ಹೊರಗಿನ ನೆಲದಲ್ಲೇ ಕೂತಿದ್ದಳು. "ಅವತ್ತ ಒಂದ ಸವನ ಮಳಿ ಅಲ್ರಿ? ಇಬ್ಬರು ಹುಡುಗ್ರು ಒಳಗಿಂದ ಬಕೀಟು ತುಂಬ ನೀರು ತಂದು ತಂದು ಚೆಲ್ಲಿದ್ರು. ಹಸಿ ಅರಿವಿನೂ ತಂದ್ರು. ಮ್ಯಾಲಿಂದ ಸೋರಾಕತ್ತದ ಅಂತ ತಮ್ಮತಮ್ಮೊಳಗ ಅಂದಾಡಿದ್ರು, ಹಿಂದಿಯಾಗ. ಅದಾದ ಮ್ಯಾಲೆ ಇವನ್ನ ಒಳಗ ಒಯ್ದರು."

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದರ ಭಾರ ತಿಳಿಯಿತು. ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಯಾರ ಮುಂದೂ ಅನಬ್ಯಾಡ್ರಿ. ಹೊರಗ ಹಾಕಿದ್ರ ನಾ ಇವನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

ಹೊರಗೆ ಯಾರಿಗೂ ಹೇಳಲಿಲ್ಲ. ಮರುದಿನ ಟ್ಯಾಂಕಿನೊಳಗೆ ಶರಣಪ್ಪನ ಮುಂದೆ ಮಾತ್ರ ಸೋರಿದ ನೀರಿನ ಮಾತು ಎತ್ತಿದೆ; ಅವನೂ "ಸುಮ್ಮನಿರ್ರಿ ಅಕ್ಕಾರ" ಎಂದುಬಿಟ್ಟ. ಆದರೆ ಸಂಶಯಕ್ಕೆ ಸುಮ್ಮನಿರಲು ಬರುವುದಿಲ್ಲ. ದಿನಾ ಒಳಗೆ ಹೋಗುವ ಮೊದಲು ಸಿಸ್ಟರ್ ನನ್ನ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದಳು; ಶುಗರ್ ಇರುವವರಿಗೆ ಒಳಗೆ ಅದು ಇಳಿದು ತಲೆ ತಿರುಗಬಹುದಂತೆ. ದಿನಾ ನಾರ್ಮಲ್. ಒಂದು ಗುಳಿಗೆಯನ್ನೂ ನುಂಗದೆ ನಾರ್ಮಲ್. ಒಮ್ಮೆ ಮೇಡಂಗೆ ಕೇಳಿದೆ, ಹಾಗಾದರೆ ನನಗೆ ಶುಗರ್ ಇದೆಯೋ ಇಲ್ಲವೋ? ಅವರು ಮೀಟರಿನಿಂದ ಮುಖ ತಿರುಗಿಸಲಿಲ್ಲ. "ಹೇಳಿದವರನ್ನೇ ಕೇಳಿ" ಎಂದರು ಮರಾಠಿಯಲ್ಲಿ. ಇವರೂ ಆ ಕಡೆಯವರೇ ಎಂದುಕೊಂಡೆ.

ಅಲ್ಲಿಂದ ಮುಂದೆ ಎಲ್ಲದರಲ್ಲೂ ಹುಳುಕು ಕಾಣತೊಡಗಿತು. ಔಷಧದ ಬಾಟಲಿ ಬದಲಾದರೆ ಯಾಕೆ ಬದಲಾಯಿತು? ಜ್ವರ ಇಳಿದರೆ, ನಿಜಕ್ಕೂ ಇಳಿಯಿತೋ ಅಥವಾ ಇಳಿದಂತೆ ಬರೆದರೋ? ಈ ಟ್ಯಾಂಕು ನಮ್ಮನ್ನು ವಾಸಿ ಮಾಡಲಿಕ್ಕೋ, ಬೇರೆ ಕಡೆ ತೋರಿಸಿಕೊಳ್ಳದಂತೆ ಹಿಡಿದಿಡಲಿಕ್ಕೋ? ಮನೆಯವರು ಬೇರೆ ಡಾಕ್ಟರೊಬ್ಬರನ್ನು ಕೇಳಿಬಂದರು. ಅವರು ಟ್ಯಾಂಕಿನ ಬಗ್ಗೆ ಕೈ ಚೆಲ್ಲಿ, "ಅದರಿಂದ ಕೆಡುಕಿಲ್ಲ, ಎಷ್ಟು ಒಳಿತು ಅಂತ ಹೇಳೋದು ಕಷ್ಟ" ಎಂದರಂತೆ. ನನಗೆ ಬೇಕಿದ್ದುದು ಅಷ್ಟೇ.

ಗಣಪತಿ ಹಬ್ಬದ ಡೋಲು ತಾಸೆ ಬೀದಿಯಲ್ಲಿ ಬಡಿಯುತ್ತಿದ್ದ ವಾರ. ಉಕ್ಕಿನ ಕೋಣೆಯೊಳಗೆ ಅದು ಕೇಳುತ್ತಿರಲಿಲ್ಲ. ಮಾಸ್ಕು ತೆಗೆದೊಡನೆ ಶರಣಪ್ಪನಿಗೆ ಹೇಳಿದೆ: "ನಾಳಿಯಿಂದ ನಾ ಬರೂದಿಲ್ಲ. ಬ್ಯಾರೆ ದವಾಖಾನಿಗೆ ಹೋಗ್ತೀನಿ. ಕಂಬಿ ತಗೀರಿ ಅಂತೀನಿ, ಆಗೂದು ಆಗ್ಲಿ. ಇವರ ಕೈಯಾಗ ಇನ್ನ ಬೆನ್ನ ಕೊಡೂದಿಲ್ಲ. ನೀವೂ ಬಿಡ್ರಿ."

ಅವನು ಬಾಯಿ ತೆರೆಯುವ ಮೊದಲೇ ಮೇಲಿನ ಸ್ಪೀಕರಿನಿಂದ ದನಿ ಬಂತು.

"ವಿಮಲಾಬಾಯಿ, ಸಿಟ್ಟಿಗೆ ಬೆನ್ನ ಕಳಕೋಬ್ಯಾಡ್ರಿ."

ಅಚ್ಚ ಬೆಳಗಾವಿ ಕನ್ನಡ. ನಾನು ದುಂಡು ಕಿಟಕಿಯ ಕಡೆ ನೋಡಿದೆ. ಆಚೆಗೆ ದೇಶಮುಖ ಮೇಡಂ ಮೈಕಿಗೆ ಬಾಯಿ ಹಚ್ಚಿ ಕೂತಿದ್ದರು, ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಇಷ್ಟು ದಿನ ಆಡಿದ ಪ್ರತಿ ಮಾತೂ ನೆನಪಿಗೆ ಬಂತು. ಶರಣಪ್ಪ ಮಾಸ್ಕನ್ನು ತಾನೇ ಎತ್ತಿ ಮುಖಕ್ಕೆ ಹಾಕಿಕೊಂಡ. ಎದ್ದು ಹೊರಗೆ ಹೋಗೋಣವೆಂದರೆ ಆಗದು. ಒತ್ತಡ ಮೆಲ್ಲಗೆ ಇಳಿಯುವವರೆಗೆ ಆ ಬಾಗಿಲು ಒಳಗಿನಿಂದ ಯಾರು ಎಳೆದರೂ ತೆರೆಯುವಂಥದ್ದಲ್ಲ.

ಹೊರಗೆ ಬಂದವಳೇ ಅವರ ಮೇಜಿನ ಮುಂದೆ ನಿಂತೆ. "ಮೊದಲ ದಿನದಿಂದ ಕೇಳಸ್ಕೋಳಾಕತ್ತೀರಿ?"

"ಹೌದ್ರಿ. ಒಳಗಿನವರ ಮಾತ ಕೇಳೂದ ನನ್ನ ಕೆಲಸ. ಮಾತು ತೊದಲಿದ್ರ, ದನಿ ಬದಲಾದ್ರ ಆಕ್ಸಿಜನ್ ಮೈಗೆ ಹೆಚ್ಚಾಗೇದ ಅಂತ ತಿಳೀತದ."

"ಕನ್ನಡ ಬರ್ತದ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮಾತಾಡ್ತಿದ್ದಿಲ್ಲ."

"ಈ ಟ್ಯಾಂಕಿನಿಂದ ನಮಗ ವಾಸಿ ಆಗ್ತದೋ ಇಲ್ಲೋ? ಅದನ್ನರ ಖರೇ ಹೇಳ್ರಿ."

ಅವರು ಮೈಕು ಬಂದ್ ಮಾಡಿದರು. "ಖರೇ ಹೇಳಬೇಕಂದ್ರ, ನನಗ ಗೊತ್ತಿಲ್ಲ. ಗಾಯ ತೊಳದಾರ, ಔಷಧ ಹೋಗಾಕತ್ತದ, ಅದರ ಜೋಡಿ ಇದು. ಮೂರೂ ಕೂಡಿ ಕೆಲಸ ಮಾಡ್ತಾವ ಅಂತ ನಾ ನಂಬೀನಿ. ಇದೊಂದರಿಂದನ ಆತು ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ಆದ್ರ ಈಗ ನಡುವ ಬಿಟ್ಟು ಹೋದ್ರ ನಿಮ್ಮ ಬೆನ್ನಿಗೆ ಏನಾಗ್ತದ ಅನ್ನೂದು ನನಗ ಭಾಳ ಚಲೋ ಗೊತ್ತದ."

ಗೊತ್ತಿಲ್ಲ ಎಂಬ ಮಾತನ್ನು ಆ ಆಸ್ಪತ್ರೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮನಸ್ಸು ಸ್ವಲ್ಪ ಸಡಿಲಾಯಿತು. ಮರುದಿನವೂ ಹೋದೆ.

ಆದರೆ ಅದೇ ವಾರ ಸರ್ಜನ್ ತಾವಾಗಿಯೇ ವಾರ್ಡಿಗೆ ಬಂದು ನನ್ನ ಮಂಚದ ತುದಿಗೆ ಕೂತರು. ಅದೂ ಇದೂ ಮಾತಾಡಿ, "ಆ ದಿನ ನೀರು ಸೋರಿದ್ದು ಹೊರಗಿನ ಕೈ ತೊಳೆಯುವ ಕೋಣೆಯಲ್ಲಿ, ಒಳಗಲ್ಲ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ" ಎಂದರು. ಅವರ ಮುಂದೆ ನಾನು ನೀರಿನ ಮಾತೇ ಎತ್ತಿರಲಿಲ್ಲ; ಆಡಿದ್ದು ಟ್ಯಾಂಕಿನೊಳಗೆ. ಅವರ ಕಿವಿಗೆ ಅದನ್ನು ಹಾಕಿದವರು ದೇಶಮುಖ ಮೇಡಂ ಒಬ್ಬರೇ ಇರಲು ಸಾಧ್ಯ. ಮನೆಯವರಿಗೆ ಹೇಳಿದಾಗ, "ನೋಡಿದ್ಯಾ? ಕನ್ನಡ ಬಂದ ಮಾತ್ರಕ್ಕ ನಮ್ಮವರು ಆಗ್ತಾರೇನು?" ಎಂದರು.

ಅಲ್ಲಿಂದ ಮುಂದೆ ಒಳಗೆ ನಾನೂ ಶರಣಪ್ಪನೂ ಮಳೆ, ಜೋಳ, ಮಕ್ಕಳ ಮಾತಷ್ಟೇ ಆಡಿದೆವು. ಅವನ ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದರು. ಚಿಕ್ಕವಳಿಗೆ ಹಲ್ಲು ಬಿದ್ದ ಸುದ್ದಿಯನ್ನು ಯಾರೋ ಎಸ್‌ಟಿಡಿ ಬೂತಿನಿಂದ ಹೇಳಿಕಳಿಸಿದ್ದರು. ಅದನ್ನು ನಾಲ್ಕು ಸಲ ಹೇಳಿದ. ಮಳೆ ಹಿಂದೆ ಸರಿಯಿತು. ಗಾಯ ಮೊದಲು ಒಣಗಿತು, ಆಮೇಲೆ ಕೂಡಿತು. ನನಗೆ ಮೊದಲು, ಅವನಿಗೆ ನಿಧಾನವಾಗಿ. ದಸರೆಯ ಹೊತ್ತಿಗೆ ಅವನು ನಡಕ್ಕೆ ಪಟ್ಟಿ ಕಟ್ಟಿಕೊಂಡು ವಾಕರ್ ಹಿಡಿದು ಎದ್ದು ನಿಂತ. ದೇವಮ್ಮ ಅವನ ಹಿಂದೆ ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದಳು, ಮಗು ನಡೆಯುವಾಗ ತಾಯಿ ಬರುವ ಹಾಗೆ.

ಮನೆಗೆ ಕಳಿಸುವ ಮುನ್ನ ಸರ್ಜನ್ ಒಂದು ಕೋರಿಕೆ ಇಟ್ಟರು. ಊರಿನ ಬೇರೆ ಬೇರೆ ಡಾಕ್ಟರುಗಳನ್ನು ಕರೆದು ಟ್ಯಾಂಕು ತೋರಿಸುವ ಒಂದು ಸಣ್ಣ ಸಮಾರಂಭ. ಅಲ್ಲಿ ನಾವಿಬ್ಬರೂ ಎರಡು ಮಾತಾಡಬೇಕು. ಶರಣಪ್ಪನ ಮಾತನ್ನು ನಾನು ಮರಾಠಿಗೆ ಹೇಳಬೇಕು. ದೇವಮ್ಮ ಕೂಡಲೇ ಒಪ್ಪಿದಳು. "ಉಪಕಾರ ಮಾಡ್ಯಾರ, ಎರಡು ಮಾತಿಗೆ ಏನಾಗ್ತದ?"

ಕುರ್ಚಿಗಳ ಸಾಲು, ಚೆಂಡು ಹೂವಿನ ಮಾಲೆ ಹಾಕಿದ ಹಳದಿ ಟ್ಯಾಂಕು, ಹಿಂದೆ ಚಹಾ ಮತ್ತು ಬಟಾಟೆವಡೆಯ ವಾಸನೆ. ಮುಂದಿನ ಸಾಲಿನ ತುದಿಯಲ್ಲಿ ದೇಶಮುಖ ಮೇಡಂ. ಸರ್ಜನ್ ನಮ್ಮನ್ನು ಈ ಯಂತ್ರದಿಂದ ಬದುಕಿಬಂದವರು ಎಂದು ಪರಿಚಯಿಸಿದರು. ನಾನು ಎದ್ದು, "ವಾಸಿಯಾಗಿದ್ದೇನೆ. ತೊಳೆದದ್ದರಿಂದಲೋ, ಔಷಧದಿಂದಲೋ, ಈ ಗಾಳಿಯಿಂದಲೋ ನನಗೆ ತಿಳಿಯದು. ಎಲ್ಲರೂ ಕಷ್ಟಪಟ್ಟಿದ್ದಾರೆ" ಎಂದಷ್ಟೇ ಹೇಳಿದೆ. ಚಪ್ಪಾಳೆ ತಟ್ಟಿದರು.

ಶರಣಪ್ಪ ವಾಕರ್ ಹಿಡಿದು ನಿಂತ. ಅಷ್ಟು ಜನರನ್ನು ಒಮ್ಮೆ ನೋಡಿದ. ನಂತರ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ನಾ ಗೌಂಡಿ ಅದೀನ್ರಿ. ಕಟ್ಟೂದು ನನ್ನ ಕೆಲಸ. ಈ ಡಬ್ಬಿಯಿಂದ ಚಲೋ ಆಗಿರಬಹುದು, ನಿಮಗ ಪುಣ್ಯ ಬರ್ಲಿ. ಆದ್ರ ಅವತ್ತ ಕೊಯ್ಯೂ ಕ್ವಾಣಿಯಾಗ ಸೋರಾಕತ್ತಿತ್ತು. ಕಣ್ಣ ಮುಚ್ಚೂಕಿಂತ ಮೊದಲ ನಾನ ನೋಡೀನಿ, ದೀಪದ ಬಾಜೂಕ ಸ್ಲ್ಯಾಬ್ ಹಸಿ ಇತ್ತು. ಅಕ್ಕಾರದೂ ನಂದೂ ಒಂದ ದಿನ, ಇಬ್ಬರಿಗೂ ಕೀವು. ಅದನ್ನ ರಿಪೇರಿ ಮಾಡ್ಸೀರೇನು ಅಂತ ಕೇಳ್ತೀನ್ರಿ."

ದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಾನೇ ಕಣ್ಣಾರೆ ನೋಡಿದ್ದನ್ನು ಅವನು ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಸಭೆಯವರು ನಗುಮುಖದಿಂದಲೇ ಕಾಯುತ್ತಿದ್ದರು. ಅವರಿಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ನಾನು ಏನು ಹೇಳಿದರೂ ಅದೇ ಅವನ ಮಾತಾಗುತ್ತಿತ್ತು. ಸರ್ಜನ್ ನನ್ನತ್ತ ತಲೆಯಾಡಿಸಿದರು, ಹೇಳಿ ಎಂಬಂತೆ. ಅವನು ಹೇಳಿದ್ದನ್ನು ಒಂದೊಂದೇ ವಾಕ್ಯವಾಗಿ, ಏನೂ ಬಿಡದೆ, ಏನೂ ಸೇರಿಸದೆ, ಮರಾಠಿಯಲ್ಲಿ ಹೇಳಿದೆ.

ಚಹಾದ ಕಪ್ಪುಗಳ ಸದ್ದೂ ನಿಂತಿತು. ಸರ್ಜನ್ ಮುಗುಳ್ನಗುತ್ತಲೇ, "ಇವರು ಸ್ವಲ್ಪ ತಪ್ಪು ತಿಳಿದು ಹೇಳುತ್ತಿದ್ದಾರೆ, ಭಾಷೆಯ ತೊಂದರೆ" ಎಂದರು.

ಆಗ ದೇಶಮುಖ ಮೇಡಂ ಕುಳಿತಲ್ಲಿಂದಲೇ ಹೇಳಿದರು: "ನಾಹೀ ಸರ್. ಬರೋಬರ್ ಸಾಂಗಿತಲಂ ತ್ಯಾಂನೀ." ಇಲ್ಲ, ಅವರು ಸರಿಯಾಗಿಯೇ ಹೇಳಿದ್ದಾರೆ ಎಂದು. ಅಷ್ಟೇ. ಮತ್ತೆ ತಮ್ಮ ಕೈಗಳನ್ನು ನೋಡುತ್ತ ಕೂತರು.

ಅವರ ಬಗ್ಗೆ ನಾನು ಕೊನೆಗೂ ಒಂದು ತೀರ್ಮಾನಕ್ಕೆ ಬರಲಿಲ್ಲ. ಸರ್ಜನ್ನರಿಗೆ ಮೊದಲೇ ಹೇಳಿದ್ದು ನಮ್ಮ ಪರವಾಗಿಯೋ, ಅವರನ್ನು ಎಚ್ಚರಿಸಲಿಕ್ಕೋ? ಮುಂದಿನ ಸಲ ಗಾಯ ತೋರಿಸಲು ಹೋದಾಗ ಮೀಟರುಗಳ ಮುಂದೆ ಬೇರೆ ಯಾರೋ ಕೂತಿದ್ದರು. ಮೇಡಂ ಕೆಲಸ ಬಿಟ್ಟರು ಎಂದರು. ಬಿಡಿಸಿದರೋ ಎಂದು ಕೇಳಿದರೆ ಸಿಸ್ಟರ್ ಗಾಯದ ಪಟ್ಟಿ ಬಿಚ್ಚತೊಡಗಿದಳು. ಆಪರೇಷನ್ ಕೋಣೆಯ ಬಾಗಿಲಿಗೆ ಬೀಗ ಬಿದ್ದಿತ್ತು, ಮೇಲಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ದುರಸ್ತಿಯೋ, ಮೊದಲೇ ಗೊತ್ತಾಗಿದ್ದ ಕೆಲಸವೋ, ಅದನ್ನೂ ಯಾರೂ ಹೇಳಲಿಲ್ಲ. ಕಂಬಿಗಳು ಇಂದಿಗೂ ನನ್ನ ಬೆನ್ನಿನಲ್ಲಿವೆ. ಶುಗರ್ ಈವರೆಗೂ ಬಂದಿಲ್ಲ.

ಆ ಸಮಾರಂಭದ ಸಂಜೆ ನಾವು ನಾಲ್ವರೂ ಗೇಟಿನ ಹೊರಗೆ ರಿಕ್ಷಾಕ್ಕೆ ಕಾಯುತ್ತಿದ್ದೆವು. ದೇವಮ್ಮ ಗಂಡನ ಜೊತೆ ಮಾತು ಬಿಟ್ಟು ದೂರ ನಿಂತಿದ್ದಳು. ಮನೆಯವರು ಮೊದಲ ಸಲ ಶರಣಪ್ಪನಿಗೆ ತಾವಾಗಿ ಬೀಡಿ ಕೊಡಿಸಿ, ಕೂಡಲೇ ತಪ್ಪಾಯಿತೆಂದು ವಾಪಸು ತೆಗೆದುಕೊಂಡರು. ನನಗೆ ತಡೆಯಲಾಗಲಿಲ್ಲ. "ಇಷ್ಟ ದಿನ ನನಗ ಸುಮ್ಮನಿರ್ರಿ ಅಂದವರು ನೀವ. ಇವತ್ತ ಅಷ್ಟ ಮಂದಿ ಮುಂದ ಹೆಂಗ ಅಂದ್ರಿ?"

ಶರಣಪ್ಪ ವಾಕರಿನ ಮೇಲೆ ಭಾರ ಹಾಕಿ ನಡ ನೆಟ್ಟಗೆ ಮಾಡಿಕೊಂಡ.

"ಇಷ್ಟ ದಿನ ಒಳಗ ಹೋಗೂದಿತ್ತಲ್ರಿ ಅಕ್ಕಾರ. ಬಾಗ್ಲ ಅವರ ಕೈಯಾಗಿತ್ತು."